ಅಯೋಡಿನ್ ಚಿಕಿತ್ಸೆಯ ಉತ್ತರಕಾಂಡ

ಕತ್ತಿನ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ, ತೂಗಿದರೆ ಇಪ್ಪತ್ತು ಗ್ರಾಂ ಆಸುಪಾಸಿನ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ದುಡಿದು ದೇಹವನ್ನೆಲ್ಲ ತಪ್ತಗೊಳಿಸುವ ವ್ಯಾಧಿಗೆ ವಿಕಿರಣಶೀಲ ಅಯೋಡಿನ್ ಸಿದ್ಧೌಷಧವೆಂಬ ಮಾತು ಎಂದೋ ಸ್ಥಿರಪಟ್ಟಿದೆ. ಆದರೆ ಆ ಔಷಧವನ್ನು ಸೇವಿಸಿದವರಲ್ಲಿ ಬಹುಮಂದಿ ಕೆಲವು ತಿಂಗಳುಗಳಲ್ಲೋ ಕೆಲವು ವರ್ಷಗಳಲ್ಲೋ ಅದೇ ಗ್ರಂಥಿಯ ನಿಶ್ಶಕ್ತಿಗೆ ಒಳಗಾಗಿ, ಬದುಕಿರುವವರೆಗೆ ದಿನಕ್ಕೊಂದು ಮಾತ್ರೆಯನ್ನು ನುಂಗಬೇಕಾಗುತ್ತದೆಂಬ ಸಂಗತಿಯು, ಚಿಕಿತ್ಸೆ ಪಡೆದವರಿಗೇ ಎಷ್ಟೋ ವೇಳೆ ತಡವಾಗಿ ತಿಳಿಯುತ್ತದೆ. "ಥೈರಾಯ್ಡ್ ವಾಸಿಯಾಯಿತು ಅಂದಿರಲ್ಲ ಡಾಕ್ಟ್ರೇ, ಮತ್ತೆ ಈ ಮಾತ್ರೆ ಯಾಕೆ?" ಎಂದು ರೋಗಿಯು ಕೇಳುವ ಪ್ರಶ್ನೆ ಅಜ್ಞಾನದ ಪ್ರಶ್ನೆಯಲ್ಲ, ಎಂಬತ್ತು ವರ್ಷಗಳಿಂದ ವೈದ್ಯರನ್ನೂ ಭೌತವಿಜ್ಞಾನಿಗಳನ್ನೂ ಕಾಡಿದ ಪ್ರಶ್ನೆ ಅದೇ. ಈ ನಿಶ್ಶಕ್ತಿಯು ಚಿಕಿತ್ಸೆಯ ಲೋಪವೆ, ಅದರ ಬೆಲೆಯೆ, ಅಥವಾ ಅದರ ಗುರಿಯೆ? ಮೂರು ಉತ್ತರಗಳೂ ಒಂದೊಂದು ಕಾಲದಲ್ಲಿ ಪ್ರಾಮಾಣ್ಯ ಪಡೆದಿದ್ದುವು. ದುಸ್ಸಾಧ್ಯವಾದ ಒಂದು ವ್ಯಾಧಿಯನ್ನು ಕೊಟ್ಟು ಸುಸಾಧ್ಯವಾದ ಇನ್ನೊಂದನ್ನು ತೆಗೆದುಕೊಳ್ಳುವ ವಿನಿಮಯವಿದು, ವಿನಿಮಯವು ಒಟ್ಟಿನಲ್ಲಿ ರೋಗಿಗೆ ಲಾಭಕರವಾದದ್ದು, ಆದರೆ ಅದರ ಕರಾರನ್ನು ಮೊದಲೇ ತಿಳಿಸದೆ ಔಷಧವನ್ನು ಕೈಗಿಡುವುದು ಅನ್ಯಾಯ ಎಂಬುದು ಪ್ರಕೃತ ಲೇಖಕನ ಮತ.

ಅತಿಕ್ರಿಯೆಯ ಕಾರಣಗಳು ಹಲವಾದರೂ ಅವುಗಳಲ್ಲಿ ಮುಖ್ಯವಾದುದು, 1835ರಲ್ಲಿ ಡಬ್ಲಿನ್ ನಗರದ ರಾಬರ್ಟ್ ಗ್ರೇವ್ಸ್ ಎಂಬ ವೈದ್ಯನೂ 1840ರಲ್ಲಿ ಜರ್ಮನ್ ದೇಶದ ಕಾರ್ಲ್ ಫಾನ್ ಬಾಸೆಡೋ ಎಂಬಾತನೂ ವರ್ಣಿಸಿದ ಗ್ರೇವ್ಸ್ ರೋಗ. ದೇಹವನ್ನು ಪರಶತ್ರುಗಳಿಂದ ಕಾಯಬೇಕಾದ ವ್ಯವಸ್ಥೆಯೇ ದಾರಿ ತಪ್ಪಿ ಒಂದು ಪ್ರತಿಕಾಯವನ್ನು ನಿರ್ಮಿಸುತ್ತದೆ. ಆ ಪ್ರತಿಕಾಯವು, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಕಳುಹಿಸುವ ಆಜ್ಞೆಯನ್ನು ಅನುಕರಿಸಿ ಥೈರಾಯ್ಡಿನ ಬೆನ್ನು ಹತ್ತುತ್ತದೆ. ಎದೆ ಡವಗುಟ್ಟುವುದು, ಕೈಬೆರಳುಗಳ ನಡುಕ, ಉಂಡರೂ ಇಳಿಯುವ ತೂಕ, ಸಹಿಸಲಾಗದ ಸೆಕೆ, ಕೆಲವರಲ್ಲಿ ಕಣ್ಣುಗುಡ್ಡೆಗಳು ಹೊರಚಾಚುವುದು ಇವೆಲ್ಲ ಬಲ್ಲವರಿಗೆ ಪರಿಚಿತವಾದ ಚಿಹ್ನೆಗಳು. ಚಿಕಿತ್ಸಾಮಾರ್ಗಗಳು ಮೂರು. ಹಾರ್ಮೋನಿನ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್ ಮೊದಲಾದ ಮಾತ್ರೆಗಳು, ಶಸ್ತ್ರಚಿಕಿತ್ಸೆ, ಮತ್ತು ಅಯೋಡಿನ್. ಮಾತ್ರೆಗಳನ್ನು ಒಂದೂವರೆ ವರ್ಷ ಸೇವಿಸಿ ನಿಲ್ಲಿಸಿದ ಮೇಲೆ ರೋಗವು ಮರುಕಳಿಸುವುದು ಸಾಮಾನ್ಯ. ಶಸ್ತ್ರವು ಧ್ವನಿಯ ನರಕ್ಕೂ ಸುಣ್ಣದಂಶವನ್ನು ಹದದಲ್ಲಿಡುವ ಪುಟ್ಟ ಗ್ರಂಥಿಗಳಿಗೂ ಅಪಾಯವೊಡ್ಡಬಹುದು. ಈ ಇಕ್ಕಟ್ಟಿನಲ್ಲಿ ಮೂರನೆಯ ಮಾರ್ಗ ಹುಟ್ಟಿತು.

ಅದರ ಹುಟ್ಟು ಒಂದು ಉಪನ್ಯಾಸದ ಕೊನೆಯಲ್ಲಿ ಕೇಳಿದ ಪ್ರಶ್ನೆಯಿಂದ ಆದದ್ದು. 1936ರ ನವೆಂಬರ್ ತಿಂಗಳಲ್ಲಿ ಬಾಸ್ಟನ್ನಿನಲ್ಲಿ, ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷರಾಗಿದ್ದ ಕಾರ್ಲ್ ಕಾಂಪ್ಟನ್ ಅವರು ಭೌತವಿಜ್ಞಾನವು ಜೀವವಿಜ್ಞಾನಕ್ಕೂ ವೈದ್ಯಕ್ಕೂ ಏನನ್ನು ಕೊಡಬಲ್ಲುದೆಂಬ ವಿಷಯವಾಗಿ ಮಾತನಾಡಿ ಮುಗಿಸಿದಾಗ, ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ಥೈರಾಯ್ಡ್ ವಿಭಾಗದ ಸಾಲ್ ಹರ್ಟ್ಸ್ ಎಂಬ ತರುಣ ವೈದ್ಯರು, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲಗೊಳಿಸಲು ಸಾಧ್ಯವೆ ಎಂದು ಕೇಳಿದರು. ಥೈರಾಯ್ಡ್ ಗ್ರಂಥಿಯು ರಕ್ತದಲ್ಲಿನ ಅಯೋಡಿನ್ನನ್ನು ಹುಡುಕಿ ಹುಡುಕಿ ತನ್ನೊಳಗೆ ಸಂಚಯಿಸಿಕೊಳ್ಳುತ್ತದೆಂಬುದನ್ನು ಅವರು ಬಲ್ಲವರಾಗಿದ್ದರು. ಗ್ರಂಥಿಯ ಆ ಲೋಭವನ್ನೇ ಅದರ ನಿಗ್ರಹಕ್ಕೆ ಬಳಸಿಕೊಳ್ಳಬಹುದೆಂಬ ಊಹೆ ಆ ಪ್ರಶ್ನೆಯ ಹಿಂದೆ ಇತ್ತು. ಭೌತವಿಜ್ಞಾನಿ ಆರ್ಥರ್ ರಾಬರ್ಟ್ಸರೊಡಗೂಡಿ ಹರ್ಟ್ಸರು ಮೊದಲು ಮೊಲಗಳ ಮೇಲೆ ಪ್ರಯೋಗ ನಡೆಸಿದರು. ಆಗ ದೊರೆತ ಅಯೋಡಿನ್-128ರ ಅರ್ಧಾಯು ಕೇವಲ ಇಪ್ಪತ್ತೈದು ನಿಮಿಷವಾದ್ದರಿಂದ, ಔಷಧವು ಮೈಸೇರುವಷ್ಟರಲ್ಲಿ ಅದರ ಬಹುಪಾಲು ಕರಗಿಹೋಗುತ್ತಿತ್ತು. 1938ರಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಜಾನ್ ಲಿವಿಂಗುಡ್ ಅವರು ಎಂಟು ದಿನಗಳ ಅರ್ಧಾಯುವುಳ್ಳ ಅಯೋಡಿನ್-131ನ್ನು ಕಂಡುಹಿಡಿದರು. 1941ರಲ್ಲಿ ಹರ್ಟ್ಸರು ಪ್ರಥಮ ರೋಗಿಗೆ ಸೈಕ್ಲೋಟ್ರಾನಿನಲ್ಲಿ ತಯಾರಾದ ಅಯೋಡಿನ್ನನ್ನು ಕುಡಿಸಿದರು. ಯುದ್ಧವು ಬಂದು ಹರ್ಟ್ಸರು ನೌಕಾಸೇನೆಗೆ ಹೋದಾಗ ಅವರ ರೋಗಿಗಳ ಆರೈಕೆ ಅರ್ಲ್ ಚ್ಯಾಪ್ಮನ್ ಎಂಬ ವೈದ್ಯರ ಪಾಲಿಗೆ ಬಂದಿತು. 1946ರ ಮೇ ತಿಂಗಳಲ್ಲಿ ಅಮೆರಿಕನ್ ವೈದ್ಯಸಂಘದ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಈ ಇಬ್ಬರ ವರದಿಗಳೂ ಬೇರೆ ಬೇರೆಯಾಗಿ ಪ್ರಕಟವಾದುವು. ಚ್ಯಾಪ್ಮನ್ನರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಪರಮಾಣು ಸ್ಥಾವರಗಳು ಬಂದ ಮೇಲೆ ಅಯೋಡಿನ್-131 ಹೇರಳವಾಯಿತು. ನಮ್ಮ ದೇಶದಲ್ಲಿಯೂ 1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ಸ್ಥಾವರವು ಚಾಲನೆಗೊಂಡ ತರುವಾಯ ವಿಕಿರಣಶೀಲ ವಸ್ತುಗಳು ಸ್ವದೇಶದಲ್ಲೇ ತಯಾರಾಗತೊಡಗಿ, ಅಲ್ಲಿಂದ ಆಸ್ಪತ್ರೆಗಳಿಗೆ ಸರಬರಾಜಾದುವು.

ಈ ಚಿಕಿತ್ಸೆಯ ಬಾಹ್ಯರೂಪ ಅತ್ಯಂತ ಸರಳ. ಸೀಸದ ದಪ್ಪ ಡಬ್ಬಿಯೊಳಗಿನ ಪುಟ್ಟ ಸೀಸೆಯಿಂದ ಬಣ್ಣವಿಲ್ಲದ ದ್ರವವನ್ನು ನಳಿಕೆಯಿಂದ ಹೀರುವುದೋ, ಇಲ್ಲವೆ ಒಂದು ಕ್ಯಾಪ್ಸೂಲನ್ನು ನೀರಿನೊಡನೆ ನುಂಗುವುದೋ ಇಷ್ಟೆ. ನೋವಿಲ್ಲ, ರುಚಿಯಿಲ್ಲ, ಕತ್ತಿನ ಮೇಲೆ ಗಾಯದ ಗುರುತಿಲ್ಲ. ಕೆಲವು ದಿನ ಎಳೆಯ ಮಕ್ಕಳಿಂದಲೂ ಗರ್ಭಿಣಿಯರಿಂದಲೂ ದೂರವಿರಬೇಕೆಂಬ ನಿಯಮವೊಂದನ್ನು ಬಿಟ್ಟರೆ ಅಂದೇ ಮನೆಗೆ ಹೋಗಬಹುದು. ಆದರೆ ಒಳಗೆ ನಡೆಯುವ ವ್ಯಾಪಾರ ಅಷ್ಟು ಬೇಗ ಮುಗಿಯುವುದಲ್ಲ. ಉತ್ತರಕಾಲದ ತೊಂದರೆಯ ಬೀಜವೆಲ್ಲ ಅಲ್ಲಿರುವುದರಿಂದ ಅದನ್ನು ತುಸು ಸಮೀಪದಿಂದ ನೋಡಬೇಕು. ಗ್ರಂಥಿಯನ್ನು ಸೇರಿದ ಅಯೋಡಿನ್-131 ಬಹುಪಾಲು ಬೀಟಾ ಕಣಗಳ ಮೂಲಕ ತನ್ನ ಶಕ್ತಿಯನ್ನು ಸುರಿಯುತ್ತದೆ. ಆ ಕಣಗಳು ಅಂಗಾಂಶದಲ್ಲಿ ಸಂಚರಿಸುವ ದೂರ ಹೆಚ್ಚೆಂದರೆ ಎರಡು ಮಿಲಿಮೀಟರು. ಆದ್ದರಿಂದ ಗ್ರಂಥಿ ಸುಡುತ್ತಿದ್ದರೂ ನೆರೆಯ ಅಂಗಗಳು ಬಹುಮಟ್ಟಿಗೆ ಸುರಕ್ಷಿತ. ಕೆಲವು ಜೀವಕೋಶಗಳು ವಾರಗಳಲ್ಲೇ ಸಾಯುತ್ತವೆ. ಇನ್ನು ಕೆಲವಕ್ಕೆ ಬಿದ್ದ ಪೆಟ್ಟು ಬೇರೆ ಬಗೆಯದು. ಅವುಗಳ ಕೇಂದ್ರದಲ್ಲಿರುವ ಡಿ.ಎನ್.ಎ. ತಂತುಗಳು ಹರಿದಿರುತ್ತವೆ, ಆದರೆ ಕೋಶವು ನಿತ್ಯದ ಕೆಲಸವನ್ನು ಮಾಡಿಕೊಂಡೇ ಇರುತ್ತದೆ. ಎಂದಾದರೊಂದು ದಿನ ತನ್ನಂಥದೇ ಇನ್ನೊಂದು ಕೋಶವಾಗಿ ವಿಭಜಿಸಲು ಹೊರಟಾಗ ಮಾತ್ರ ಅದು ಅಸಮರ್ಥವಾಗಿ ಅಳಿಯುತ್ತದೆ. ಥೈರಾಯ್ಡಿನ ಕೋಶಗಳು ವಿಭಜಿಸುವುದು ಬಹು ಅಪರೂಪವಾದ್ದರಿಂದ ಈ ಅಳಿವು ವರ್ಷಾನುವರ್ಷ ಮುಂದುವರಿಯುತ್ತದೆ. ಸತ್ತದ್ದರ ಜಾಗಕ್ಕೆ ಹೊಸದು ಬರುವುದಿಲ್ಲ. ಇದರ ಜೊತೆಗೆ ಸಣ್ಣ ರಕ್ತನಾಳಗಳು ಕುಗ್ಗಿ ಗ್ರಂಥಿಯಲ್ಲಿ ನಾರು ಬೆಳೆಯುವುದೂ, ಮೂಲರೋಗದ ಪ್ರತಿರಕ್ಷಾ ದಾಳಿಯು ಒಳಗೊಳಗೇ ನಡೆದಿರುವುದೂ ಸೇರಿಕೊಳ್ಳುತ್ತವೆ. ಚಿಕಿತ್ಸೆಯಾದ ವರ್ಷ ಸ್ವಸ್ಥನೆಂದು ಪರಿಗಣಿತನಾದವನು ಹದಿನೈದು ವರ್ಷಗಳ ಮೇಲೆ ನಿಶ್ಶಕ್ತಿಯಿಂದ ಬಂದು ನಿಲ್ಲುವುದರ ರಹಸ್ಯ ಇದು.

ಪ್ರಾರಂಭದ ದಶಕದಲ್ಲಿ ಈ ರಹಸ್ಯ ಯಾರಿಗೂ ಗೋಚರಿಸಿರಲಿಲ್ಲ. ಆಗಿನ ಆಶಯ ಉದಾತ್ತವಾದದ್ದು: ಗ್ರಂಥಿಯ ತೂಕವನ್ನು ಅಳೆದು, ಅದು ಎಷ್ಟು ಅಯೋಡಿನ್ನನ್ನು ಹೀರುತ್ತದೆಂಬುದನ್ನು ಗುರುತಿಸಿ, ಅದಕ್ಕೆ ತಕ್ಕ ಪ್ರಮಾಣವನ್ನು ಗಣಿತದಿಂದ ನಿರ್ಧರಿಸಿ, ಹೆಚ್ಚಿನದನ್ನು ಮಾತ್ರ ನಾಶಮಾಡಿ ಬೇಕಾದಷ್ಟನ್ನು ಉಳಿಸುವುದು. ಮೊದಲ ವರ್ಷದ ಫಲಗಳನ್ನು ನೋಡಿ ಅದು ಕೈಗೂಡಿತೆಂದು ನಂಬಿದವರು ಅನೇಕರು. ರೋಗಿಗಳನ್ನು ದೀರ್ಘಕಾಲ ಬೆನ್ನಟ್ಟಿ ನೋಡಿದವರು ಮಾತ್ರ ಬೇರೊಂದನ್ನು ಕಂಡರು. 1961ರಲ್ಲಿ ಸ್ವೀಡನ್ನಿನ ಬೆಲಿಂಗ್ ಮತ್ತು ಐನ್‌ಹಾರ್ನ್ ಎಂಬವರೂ, 1964ರಲ್ಲಿ ಬಾಸ್ಟನ್ನಿನ ಡನ್ ಎಂಬವರೊಡನೆ ಅದೇ ಅರ್ಲ್ ಚ್ಯಾಪ್ಮನ್ನರೂ ಪ್ರಕಟಿಸಿದ ವರದಿಗಳಲ್ಲಿ, ನಿಶ್ಶಕ್ತಿಗೊಳಗಾದವರ ಸಂಖ್ಯೆ ಒಂದು ಹಂತದಲ್ಲಿ ನಿಲ್ಲದೆ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆಂಬುದು ಸಂಶಯಕ್ಕೆಡೆಯಿಲ್ಲದೆ ತೋರಿಬಂದಿತು. ಈ ಚಿಕಿತ್ಸೆಯ ಆದಿಯಲ್ಲಿ ಅದರ ಯಶಸ್ಸನ್ನು ಸಾರಿದವರಲ್ಲಿ ಒಬ್ಬರೇ ಹದಿನೆಂಟು ವರ್ಷಗಳ ಮೇಲೆ ಅದರ ಉತ್ತರಫಲವನ್ನು ಮುಚ್ಚುಮರೆಯಿಲ್ಲದೆ ಲೋಕದ ಮುಂದಿಟ್ಟದ್ದು ವೈದ್ಯವೃತ್ತಿಯ ಸತ್ಯನಿಷ್ಠೆಗೆ ಒಂದು ಉಜ್ಜ್ವಲ ನಿದರ್ಶನವೆಂದು ನಾನು ತಿಳಿಯುತ್ತೇನೆ. ಸಾಮಾನ್ಯವಾಗಿ ಉದ್ಧೃತವಾಗುವ ಲೆಕ್ಕದಂತೆ, ಮೊದಲ ವರ್ಷದ ಪ್ರಮಾಣ ಕೊಟ್ಟ ಔಷಧದ ಮೊತ್ತವನ್ನು ಅವಲಂಬಿಸಿದ್ದು, ಆಮೇಲೆ ಪ್ರತಿವರ್ಷವೂ ಉಳಿದವರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಯಂತೆ ಈ ಗುಂಪಿಗೆ ಸೇರುತ್ತ ಹೋಗುತ್ತಾರೆ.

ಆಗ ಪ್ರಮಾಣವನ್ನೇ ಅರ್ಧಕ್ಕಿಳಿಸಿ ನೋಡುವ ಪ್ರಯತ್ನಗಳು ನಡೆದುವು. ಅವುಗಳ ಫಲ ಬೋಧಪ್ರದವಾಗಿದೆ. ಮೊದಲ ವರ್ಷ ನಿಶ್ಶಕ್ತರಾದವರು ಕಡಿಮೆಯಾದರು, ನಿಜ; ಆದರೆ ಇತರ ಅನೇಕರು ಮೂಲವ್ಯಾಧಿಯಲ್ಲೇ ತೊಳಲಿ, ಮಾತ್ರೆಗಳ ಮೇಲೆ ಕಾಲ ತಳ್ಳಿ, ಎರಡನೆಯ ಮೂರನೆಯ ಸಲ ಅಯೋಡಿನ್ ಕುಡಿಯಬೇಕಾಯಿತು; ವಾರ್ಷಿಕ ಏರಿಕೆಯಂತೂ ತಪ್ಪಲಿಲ್ಲ. ಅತ್ತ ವ್ಯಾಧಿಯೂ ಹೋಗಿ ಇತ್ತ ಗ್ರಂಥಿಯೂ ಉಳಿಯುವಂಥ ಮಧ್ಯಬಿಂದು ಗ್ರೇವ್ಸ್ ರೋಗದಲ್ಲಿ ಸ್ಥಿರವಾಗಿ ಸಿಕ್ಕುವುದಿಲ್ಲವೆಂಬ ತೀರ್ಮಾನಕ್ಕೆ ಬಹುಮಂದಿ ತಜ್ಞರು ಬಂದದ್ದು ಈ ಅನುಭವದಿಂದ. ಇಂದು ಅನೇಕ ಕಡೆಗಳಲ್ಲಿ ಸುಮಾರು ಹತ್ತರಿಂದ ಹದಿನೈದು ಮಿಲಿಕ್ಯೂರಿಗಳಷ್ಟನ್ನು ಒಂದೇ ಸಲ ಕೊಟ್ಟು, ನಿಶ್ಶಕ್ತಿಯನ್ನು ಗುರಿಯೆಂದೇ ಒಪ್ಪಿಕೊಳ್ಳುತ್ತಾರೆ. ಅಮೆರಿಕದ ಥೈರಾಯ್ಡ್ ಸಂಘದ 2016ರ ಮಾರ್ಗಸೂಚಿಯ ನಿಲುವೂ ಇದೇ. ಗಂಟುಗಳೇ ಅತಿಯಾಗಿ ದುಡಿಯುವ ಬೇರೊಂದು ಬಗೆಯ ಗಳಗಂಡದಲ್ಲಿ ಮಾತ್ರ ಪರಿಸ್ಥಿತಿ ಸ್ವಲ್ಪ ಹಿತಕರ. ಅಲ್ಲಿ ಗಂಟಿನ ಅಬ್ಬರಕ್ಕೆ ಸುತ್ತಲಿನ ಆರೋಗ್ಯವಂತ ಭಾಗವು ನಿದ್ರಿಸುತ್ತಿದ್ದು ಅಯೋಡಿನ್ನನ್ನು ಹೀರದಿರುವುದರಿಂದ, ಗಂಟು ಬೆಂದುಹೋದರೂ ಆ ಭಾಗ ಉಳಿದು ಮುಂದೆ ಎಚ್ಚತ್ತು ತನ್ನ ಕಾರ್ಯವನ್ನು ನಡೆಸಬಹುದು.

ಗುರಿಯನ್ನು ಹೀಗೆ ಬದಲಾಯಿಸಿದ್ದು ಸೋಲನ್ನು ಗೆಲುವೆಂದು ಕರೆದಂತಾಯಿತಲ್ಲವೆ ಎಂದು ಕೇಳುವವರು ಇದ್ದಾರೆ. ಆಕ್ಷೇಪಣೆ ಗೌರವಾರ್ಹವಾದದ್ದು, ಅದಕ್ಕೆ ದೊರೆತಿರುವ ಬಲವತ್ತರವಾದ ಉತ್ತರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಬಂದದ್ದು. ಅಲ್ಲಿ ಜೇನ್ ಫ್ರ್ಯಾಂಕ್ಲಿನ್ ಮತ್ತು ಅವರ ಸಹೋದ್ಯೋಗಿಗಳು ಅಯೋಡಿನ್ ಪಡೆದ ಸಾವಿರಾರು ರೋಗಿಗಳ ಆಯುಷ್ಯವನ್ನು ಪರಿಶೀಲಿಸಿ, ಅತಿಕ್ರಿಯೆಯ ರೋಗಿಗಳಲ್ಲಿ ಹೃದಯವ್ಯಾಧಿ ಮೊದಲಾದುವುಗಳಿಂದ ಕಾಣುವ ಅಧಿಕ ಮರಣವು, ನಿಶ್ಶಕ್ತಿ ಪ್ರಾಪ್ತವಾಗಿ ಗ್ರಂಥಿಯ ಹಾರ್ಮೋನನ್ನೇ ಪೂರೈಸುವ ಥೈರಾಕ್ಸಿನ್ ಮಾತ್ರೆಯನ್ನು ತೆಗೆದುಕೊಳ್ಳಲಾರಂಭಿಸಿದವರಲ್ಲಿ ಕಾಣುವುದಿಲ್ಲವೆಂದು 2005ರಲ್ಲಿ ತೋರಿಸಿದರು. ಅರ್ಧಂಬರ್ಧ ಶಮನಗೊಂಡ ಗ್ರಂಥಿಗಿಂತ ಪೂರ್ಣವಾಗಿ ನಂದಿ ಮಾತ್ರೆಯಿಂದ ಪೂರಣಗೊಂಡ ಗ್ರಂಥಿಯೇ ಹೃದಯಕ್ಕೆ ಕ್ಷೇಮಕರ ಎಂಬ ಅರ್ಥ ಇದರಿಂದ ಹೊರಡುತ್ತದೆ. ವಿಕಿರಣದಿಂದ ಅರ್ಬುದ ಬಂದೀತೆಂಬ ಭಯ ಇನ್ನೊಂದು. 1968ರಲ್ಲಿ ಪ್ರಕಟವಾದ, ಮೂವತ್ತು ಸಾವಿರಕ್ಕೂ ಮೀರಿದ ರೋಗಿಗಳ ಅಮೆರಿಕನ್ ಸಮೀಕ್ಷೆಯಲ್ಲಿ ರಕ್ತಾರ್ಬುದದ ಹೆಚ್ಚಳ ಕಾಣಲಿಲ್ಲ. ಇತರ ಅರ್ಬುದಗಳ ವಿಷಯದಲ್ಲಿ ಅಲ್ಪ ಅಪಾಯವಿರಬಹುದೆಂದು 2019ರ ಒಂದು ವಿಶ್ಲೇಷಣೆ ಸೂಚಿಸಿದ್ದು, ಚರ್ಚೆ ಇನ್ನೂ ನಡೆದಿದೆ. ಕಣ್ಣಿನ ತೊಂದರೆ ಇರುವವರಿಗೆ, ಮುಖ್ಯವಾಗಿ ಧೂಮಪಾನಿಗಳಿಗೆ, ಅಯೋಡಿನ್ ಆ ತೊಂದರೆಯನ್ನು ಉಲ್ಬಣಗೊಳಿಸಬಹುದೆಂಬುದು ಮಾತ್ರ ಸಿದ್ಧವಾದ ಸಂಗತಿ. ತರುವಾಯದ ನಿಶ್ಶಕ್ತಿಯನ್ನು ಸಕಾಲದಲ್ಲಿ ಸರಿಪಡಿಸದಿದ್ದರೆ ಕಣ್ಣು ಮತ್ತಷ್ಟು ಕೆಡುತ್ತದೆ.

ಚಿಕಿತ್ಸೆಯ ಅನಂತರದ ಮೊದಲ ಆರು ತಿಂಗಳು ಎಲ್ಲಕ್ಕಿಂತ ಸೂಕ್ಷ್ಮವಾದ ಕಾಲ. ನಿಶ್ಶಕ್ತಿಯು ನಾಲ್ಕೇ ವಾರಗಳಲ್ಲಿ ಬರಬಹುದಾದರೂ ಎರಡರಿಂದ ಆರು ತಿಂಗಳೊಳಗೆ ಬರುವುದು ಹೆಚ್ಚು. ತಾನಾಗಿಯೇ ನಿಧಾನವಾಗಿ ಬರುವ ನಿಶ್ಶಕ್ತಿಗೂ ಇದಕ್ಕೂ ಒಂದು ಭೇದವುಂಟು. ನಿನ್ನೆಯವರೆಗೆ ಹಾರ್ಮೋನಿನ ಪ್ರವಾಹದಲ್ಲಿ ತೇಲುತ್ತಿದ್ದ ದೇಹಕ್ಕೆ ಥಟ್ಟನೆ ಬರ ಬಂದೊದಗುವುದರಿಂದ, ರೋಗಿಯು ಮೊದಲು ಹೇಳಿಕೊಳ್ಳುವುದು ಮೀನಖಂಡದ ಸೆಳೆತವನ್ನು: ರಾತ್ರಿ ಮಗ್ಗುಲು ಬದಲಿಸುವಾಗ ಕಾಲು ಹಿಡಿದುಕೊಳ್ಳುತ್ತದೆ, ಮೆಟ್ಟಿಲು ಹತ್ತುವಾಗ ತೊಡೆ ನೋಯುತ್ತದೆ, ಬಟ್ಟೆ ಹಿಂಡುವಾಗ ಬೆರಳುಗಳು ಮರಗಟ್ಟುತ್ತವೆ. ಆಮೇಲೆ ಚಳಿ, ಮಲಬದ್ಧತೆ, ಒಡೆದ ದನಿ, ಬೆಳಿಗ್ಗೆ ಉಬ್ಬಿದ ಕಣ್ರೆಪ್ಪೆ, ಬಾಚಣಿಗೆಯ ತುಂಬ ಕೂದಲು, ಮೂರು ತಿಂಗಳಲ್ಲಿ ಐದಾರು ಕಿಲೋ ಏರಿದ ತೂಕ. ಈ ಹೊತ್ತಿನಲ್ಲಿ ಟಿ.ಎಸ್.ಎಚ್. ಪರೀಕ್ಷೆಯೊಂದನ್ನೇ ನೆಚ್ಚಿಕೊಂಡ ವೈದ್ಯನು ಮೋಸಹೋಗುತ್ತಾನೆ. ತಿಂಗಳುಗಟ್ಟಲೆ ಅಧಿಕ ಹಾರ್ಮೋನಿನಡಿ ಅದುಮಿಕೊಂಡಿದ್ದ ಪಿಟ್ಯುಟರಿಯು ಕೂಡಲೆ ತಲೆಯೆತ್ತುವುದಿಲ್ಲ. ರಕ್ತದಲ್ಲಿ ಟಿ-4, ಎಂದರೆ ಥೈರಾಕ್ಸಿನ್, ಪಾತಾಳಕ್ಕಿಳಿದಿದ್ದರೂ ಟಿ.ಎಸ್.ಎಚ್. ಇನ್ನೂ ಕಡಿಮೆಯೆಂದೇ ವರದಿ ಬರುತ್ತದೆ. ಅದನ್ನು ಓದಿ "ನಿಮಗೆ ಇನ್ನೂ ಜಾಸ್ತಿಯೇ ಇದೆ" ಎಂದು ಕಾರ್ಬಿಮಜೋಲನ್ನು ಮುಂದುವರಿಸಿದರೆ ನರಳುವವನ ಗತಿಯೇನು? ಆದಕಾರಣ ಫ್ರೀ ಟಿ-4 ಪರೀಕ್ಷೆಯನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಮಾಡಿಸತಕ್ಕದ್ದು. ಈ ಅವಧಿಯ ನಿಶ್ಶಕ್ತಿ ಕೆಲವರಲ್ಲಿ ತಾತ್ಕಾಲಿಕವಾಗಿದ್ದು, ಗ್ರಂಥಿ ಮತ್ತೆ ಚೇತರಿಸಿಕೊಳ್ಳುವುದೂ ಉಂಟು.

ಈ ಪಥವನ್ನು ಲೋಕವೆಲ್ಲ ನೋಡುತ್ತಿರುವಾಗ ನಡೆದವರು ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್. 1991ರ ಮೇ 4ರಂದು ಕ್ಯಾಂಪ್ ಡೇವಿಡ್‌ನಲ್ಲಿ ಓಡುತ್ತಿದ್ದಾಗ ಅವರಿಗೆ ಉಸಿರು ಕಟ್ಟಿತು. ಹೃದಯದ ಲಯ ತಪ್ಪಿರುವುದೂ ಅದರ ಮೂಲ ಗ್ರೇವ್ಸ್ ರೋಗವೆಂಬುದೂ ಕೆಲವೇ ದಿನಗಳಲ್ಲಿ ತಿಳಿದು, ಅವರು ಅದೇ ತಿಂಗಳು ಅಯೋಡಿನ್ ಕುಡಿದರು. ಅವರ ಪತ್ನಿ ಬಾರ್ಬರಾ ಅವರಿಗೂ ಅದಕ್ಕೆ ಮೊದಲೇ ಇದೇ ವ್ಯಾಧಿ ತಗುಲಿದ್ದುದರಿಂದ, ಅವರ ನಿವಾಸಗಳ ನೀರನ್ನೂ ಪರೀಕ್ಷಿಸಿದರು. ಆ ವರ್ಷದೊಳಗಾಗಿ ಬುಷ್ ಅವರ ಗ್ರಂಥಿ ನಿಶ್ಶಕ್ತವಾಗಿ, ಥೈರಾಕ್ಸಿನ್ ಆರಂಭವಾಯಿತು. ಓಟಗಾರ್ತಿ ಗೇಲ್ ಡೀವರ್ಸರದು ಇನ್ನೂ ಕಠಿನವಾದ ಕಥೆ. 1990ರಲ್ಲಿ ರೋಗನಿರ್ಣಯವಾಗಿ ವಿಕಿರಣ ಚಿಕಿತ್ಸೆ ಪಡೆದ ಮೇಲೆ ಪಾದಗಳು ಊದಿ ಚರ್ಮ ಬಿರಿದು, ಅವನ್ನು ಕತ್ತರಿಸಬೇಕಾದೀತೆಂಬ ಮಾತೂ ಬಂದಿತ್ತು. ಆಕೆ 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ನೂರು ಮೀಟರನ್ನು 10.82 ಸೆಕೆಂಡುಗಳಲ್ಲಿ ಓಡಿ ಸ್ವರ್ಣಪದಕ ಗಳಿಸಿದರು.

ಥೈರಾಕ್ಸಿನ್ ಮಾತ್ರೆಯ ಚರಿತ್ರೆ ಅಯೋಡಿನ್ ಚಿಕಿತ್ಸೆಯ ಚರಿತ್ರೆಗಿಂತ ಹಳೆಯದು. 1883ರಲ್ಲಿ ಬರ್ನ್ ನಗರದ ಥಿಯೋಡೋರ್ ಕೋಖರರು, ತಾವು ಇಡೀ ಗ್ರಂಥಿಯನ್ನು ತೆಗೆದುಹಾಕಿದ ರೋಗಿಗಳಲ್ಲಿ ಬಹುಮಂದಿ ಮಂಕಾಗಿ ಊದಿಕೊಂಡು ಕುಗ್ಗಿಹೋದದ್ದನ್ನು ತಾವೇ ವರದಿಮಾಡಿದರು. 1891ರಲ್ಲಿ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಅವರು ಕುರಿಯ ಥೈರಾಯ್ಡಿನ ರಸವನ್ನು ಅಂಥದೇ ನಿಶ್ಶಕ್ತಿಯಿಂದ ಬಳಲುತ್ತಿದ್ದ ಒಬ್ಬ ಮಹಿಳೆಗೆ ಚುಚ್ಚಿ ಕೊಟ್ಟರು. ಆಕೆ ಅದರ ಬಲದಿಂದ ಇನ್ನೂ ಇಪ್ಪತ್ತೆಂಟು ವರ್ಷ ಬಾಳಿದರು. 1914ರ ಕ್ರಿಸ್‌ಮಸ್ ದಿನ ಎಡ್ವರ್ಡ್ ಕೆಂಡಲ್ ಥೈರಾಕ್ಸಿನ್ನನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಅರುವತ್ತು ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಬೇಕಾದದ್ದು ಸುಮಾರು ನೂರು ಮೈಕ್ರೋಗ್ರಾಂ. ಒಂದು ಗ್ರಾಂ ವಸ್ತು ಇಪ್ಪತ್ತೇಳು ವರ್ಷಕ್ಕೆ ಸಾಕು. ಇಷ್ಟು ಅಲ್ಪವಾದುದರಲ್ಲಿ ಇಡೀ ಜೀವನದ ಸೌಖ್ಯ ನಿಂತಿರುವುದರಿಂದಲೇ ಅದನ್ನು ಸೇವಿಸುವ ಕ್ರಮಕ್ಕೆ ಮಹತ್ತ್ವ. ಖಾಲಿ ಹೊಟ್ಟೆಯಲ್ಲಿ, ಬರಿಯ ನೀರಿನೊಡನೆ, ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ಸೇವಿಸದೆ ಎಂಬ ನಿಯಮವು, ಎದ್ದ ಕೂಡಲೆ ಡಿಕಾಕ್ಷನ್ನಿನ ಕಾಫಿಯಿಲ್ಲದೆ ದಿನವೇ ಆರಂಭವಾಗದ ನಮ್ಮ ಮನೆಗಳಲ್ಲಿ ಪ್ರತಿದಿನ ಭಂಗವಾಗುತ್ತದೆ. ಕಾಫಿಯು ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆಂಬುದು ಪ್ರಯೋಗಸಿದ್ಧ. ಮೊಣಕಾಲು ನೋವಿಗೆಂದು ತೆಗೆದುಕೊಳ್ಳುವ ಕ್ಯಾಲ್ಸಿಯಂ, ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದ ಮಾತ್ರೆ ಇವುಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು. ಬಿಸಿಲು ಬೀಳುವ ಕಿಟಕಿಯ ಮೇಲೋ ಒಲೆಯ ಪಕ್ಕದ ಗೂಡಿನಲ್ಲೋ ಸೀಸೆಯನ್ನಿಟ್ಟರೆ ಮಾತ್ರೆಯ ಸತ್ತ್ವ ಕುಂದುತ್ತದೆ. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಪರೀಕ್ಷೆ ಮಾಡಿಸುವುದು ವ್ಯರ್ಥ, ಏಕೆಂದರೆ ಥೈರಾಕ್ಸಿನ್ ದೇಹದಲ್ಲಿ ವಾರದ ಅರ್ಧಾಯುವುಳ್ಳದ್ದು.

ರಕ್ತಪರೀಕ್ಷೆ ಸರಿಯಾದ ಮೇಲೂ ಮೊದಲಿನಂತಿಲ್ಲವೆಂದು ಹೇಳುವವರು ಸ್ವಲ್ಪಮಂದಿ ಉಳಿಯುತ್ತಾರೆ. ತೂಕ, ಆಯಾಸ, ಮರೆವು ಅವರ ಮುಖ್ಯ ಕೊರಗು. ಆರೋಗ್ಯವಂತ ಗ್ರಂಥಿಯು ಟಿ-4ರ ಜೊತೆಗೆ ತುಸು ಟಿ-3 ಎಂಬ ಇನ್ನೊಂದು ಹಾರ್ಮೋನನ್ನೂ ತಾನೇ ಸ್ರವಿಸುವುದರಿಂದ ಎರಡನ್ನೂ ಕೂಡಿಸಿ ಕೊಟ್ಟರೆ ಮೇಲೆಂದು 1999ರ ಒಂದು ಪ್ರಯೋಗ ಆಸೆ ಹುಟ್ಟಿಸಿತು. ತರುವಾಯದ ಪ್ರಯೋಗಗಳು ಬಹುತೇಕ ಅದನ್ನು ಸಮರ್ಥಿಸಲಿಲ್ಲ. ಹಾಗೆಂದು ರೋಗಿಯ ಮಾತನ್ನು ಮನೋಭ್ರಮೆಯೆಂದು ತಳ್ಳಿಹಾಕುವುದು ಸರಿಯಲ್ಲ. ವ್ಯಾಧಿಯಿದ್ದಾಗ ಕಳೆದುಕೊಂಡ ತೂಕ ಮರಳುವುದು ಎಷ್ಟು, ನಿಶ್ಶಕ್ತಿಯನ್ನು ತಡವಾಗಿ ಗುರುತಿಸಿದ್ದರಿಂದ ಬಂದದ್ದೆಷ್ಟು ಎಂಬುದನ್ನು ಬಿಡಿಸಿ ಹೇಳುವುದು ವೈದ್ಯನ ಕರ್ತವ್ಯ.

ದೂರದ ನಗರದ ಆಸ್ಪತ್ರೆಯಲ್ಲಿ ಅಯೋಡಿನ್ ಕುಡಿದು ಊರಿಗೆ ಹಿಂದಿರುಗಿದವರ ವಿಷಯ ನನ್ನ ಮನಸ್ಸನ್ನು ಹೆಚ್ಚು ಕಾಡುವಂಥದು. ಎದೆಬಡಿತ ನಿಂತಿತು, ಕೈ ನಡುಕ ಹೋಯಿತು, ಇನ್ನು ಅಷ್ಟು ದೂರ ಏಕೆ ಹೋಗಬೇಕು ಎಂದುಕೊಳ್ಳುವುದು ಸಹಜ. ಏಳೆಂಟು ವರ್ಷಗಳ ಮೇಲೆ ನಿಶ್ಶಕ್ತಿಯು ಮುಪ್ಪಿನ, ಮುಟ್ಟು ನಿಲ್ಲುವ ಕಾಲದ, ದುಃಖದ ವೇಷದಲ್ಲಿ ಮೆಲ್ಲಗೆ ಬಂದಾಗ ಹಳೆಯ ಚಿಕಿತ್ಸೆಗೂ ಅದಕ್ಕೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಅಯೋಡಿನ್ ಕೊಟ್ಟ ತಾರೀಖು, ಕೊಟ್ಟ ಪ್ರಮಾಣ, ಪ್ರತಿವರ್ಷ ಟಿ.ಎಸ್.ಎಚ್. ಪರೀಕ್ಷೆ ಆಜೀವನ ಆಗಬೇಕೆಂಬ ಸೂಚನೆ ಈ ಮೂರನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು ಪ್ರತಿಯೊಬ್ಬರ ಕೈಗೂ ಕೊಡುವುದು ಕಷ್ಟದ ಕೆಲಸವಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನೂ ಅದನ್ನು ನೋಡಿ ಮುಂದಿನದನ್ನು ನಡೆಸಬಲ್ಲ.

ಹೆಣ್ಣುಮಕ್ಕಳ ಚೀಟಿಯಲ್ಲಿ ಇನ್ನೂ ಕೆಲವು ಮಾತುಗಳಿರಬೇಕು, ಏಕೆಂದರೆ ಈ ವ್ಯಾಧಿ ಹೆಚ್ಚಾಗಿ ಬರುವುದು ಅವರಿಗೇ, ಅದೂ ಮಕ್ಕಳನ್ನು ಹೆರುವ ವಯಸ್ಸಿನಲ್ಲಿ. ಗರ್ಭಸ್ಥ ಶಿಶುವಿನ ಥೈರಾಯ್ಡು ಹತ್ತರಿಂದ ಹನ್ನೆರಡು ವಾರಗಳ ಹೊತ್ತಿಗೆ ಅಯೋಡಿನ್ನನ್ನು ಹೀರತೊಡಗುವುದರಿಂದ ಗರ್ಭಿಣಿಗೆ ಈ ಔಷಧ ಸರ್ವಥಾ ನಿಷಿದ್ಧ, ಮೊಲೆಯೂಡುವವರಿಗೂ ಕೂಡದು, ಚಿಕಿತ್ಸೆಯಾದ ಮೇಲೆ ಕನಿಷ್ಠ ಆರು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಮುಂದೆ ಗರ್ಭ ನಿಂತಾಗ ಮೊದಲ ವಾರಗಳಿಂದಲೇ ಮಾತ್ರೆಯ ಪ್ರಮಾಣವನ್ನು ಕಾಲು ಭಾಗದಿಂದ ಅರ್ಧದವರೆಗೆ ಏರಿಸಬೇಕಾಗುವುದು ಸಾಮಾನ್ಯ. ಇದಕ್ಕಿಂತ ಸುಲಭವಾಗಿ ಮರೆತುಹೋಗುವ ಸಂಗತಿ ಬೇರೊಂದು. ಅಯೋಡಿನ್ ನಾಶಪಡಿಸಿದ್ದು ಗ್ರಂಥಿಯನ್ನೇ ಹೊರತು ರೋಗಕಾರಣವಾದ ಪ್ರತಿಕಾಯವನ್ನಲ್ಲ. ಚಿಕಿತ್ಸೆಯ ತರುವಾಯ ಅದು ಕೆಲಕಾಲ ಏರುವುದೂ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು. ತಾಯಿಗೆ ಅದರಿಂದ ಅತಿಕ್ರಿಯೆಯ ಬಾಧೆಯಿಲ್ಲ, ಏಕೆಂದರೆ ಪ್ರಚೋದಿಸಲು ಅವಳಲ್ಲಿ ಗ್ರಂಥಿಯೇ ಉಳಿದಿಲ್ಲ. ಆದರೆ ಅದು ಮಾಸುಚೀಲವನ್ನು ದಾಟಿ ಶಿಶುವಿನ ಗ್ರಂಥಿಯನ್ನು ಹೊಡೆದೆಬ್ಬಿಸಬಲ್ಲುದು. ಆದುದರಿಂದ ಗ್ರೇವ್ಸ್ ರೋಗಕ್ಕೆ ಹಿಂದೆ ಎಂದಾದರೂ ಅಯೋಡಿನ್ ಪಡೆದ ಗರ್ಭಿಣಿಯು, ಮಾತ್ರೆಯಿಂದ ಸ್ವಸ್ಥಳಾಗಿರುವಳೆಂದು ವರದಿಗಳೆಲ್ಲ ಹೇಳುತ್ತಿದ್ದರೂ, ತನ್ನ ಹಳೆಯ ಚಿಕಿತ್ಸೆಯನ್ನು ಹೆರಿಗೆಯ ವೈದ್ಯರಿಗೆ ತಿಳಿಸಿ, ಗರ್ಭದ ಆರಂಭದಲ್ಲೊಮ್ಮೆ ಆ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು. ಅದು ಹೆಚ್ಚಿದ್ದರೆ ಹದಿನೆಂಟರಿಂದ ಇಪ್ಪತ್ತೆರಡನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಿ, ಶಿಶುವಿನ ಎದೆಬಡಿತವನ್ನೂ ಕತ್ತನ್ನೂ ಸ್ಕ್ಯಾನಿನಲ್ಲಿ ನೋಡಿಸುತ್ತಿದ್ದು, ಹುಟ್ಟಿದ ಮಗುವಿನ ರಕ್ತವನ್ನು ಮೊದಲ ವಾರದಲ್ಲೇ ಪರೀಕ್ಷಿಸತಕ್ಕದ್ದು.